ದಕ್ಷಿಣವೋ ಪಶ್ಚಿಮವೋ ಎಂದು ವಾದಿಸುವ ಕೂಟಗಲ್ಲಿನ ಮಕ್ಕಳಿಗೆ

ಮಕ್ಕಳೇ,

ನಿಮ್ಮ ವಾದ ನನಗೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರು ಬಾಯಿ ತೆರೆದರೆ ‘ಆಟದ ಮಾತು ಸಾಕು, ಓದಿಕೊಳ್ಳಿ’ ಅನ್ನುತ್ತಾರೆ ಎಂದು ನೀವು ಅಂದುಕೊಂಡಿರುತ್ತೀರಿ. ಬಹಳ ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು, ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ದುಲೀಪ್ ಟ್ರೋಫಿ ಫೈನಲಿನಲ್ಲಿ ಮಧ್ಯ ವಲಯ ನಮ್ಮ ದಕ್ಷಿಣ ವಲಯವನ್ನು ಆರು ವಿಕೆಟ್ಟಿನಿಂದ ಸೋಲಿಸಿತಲ್ಲ, ಅವತ್ತಿನಿಂದ ಕ್ರಿಕೆಟಿನಲ್ಲಿ ಯಾವ ವಲಯ ಬಲಶಾಲಿ ಎಂದು ನೀವು ಹಿಡಿದಿರುವ ಹಟ ಇನ್ನೂ ಬಿಟ್ಟಿಲ್ಲ. ರಾಮನಗರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅದೇ, ಸಂಜೆ ಅರಳಿಕಟ್ಟೆಯಲ್ಲೂ ಅದೇ. ಒಬ್ಬ ದಕ್ಷಿಣ ಅಂದರೆ ಇನ್ನೊಬ್ಬ ಪಶ್ಚಿಮ ಅನ್ನುತ್ತಾನೆ, ಮೂರನೆಯವನು ಮುಂಬೈ ಹೆಸರು ಹೇಳಿ ಎಲ್ಲರ ಬಾಯಿ ಮುಚ್ಚಿಸಲು ನೋಡುತ್ತಾನೆ. ವಾದ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಗಂಟಲು ದೊಡ್ಡದಿದ್ದವನು ಗೆದ್ದು ಏಳುತ್ತಾನೆ, ವಿಷಯ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಅದು ನನಗೆ ಸಂಕಟ. ಅದಕ್ಕೇ ಈ ನಾಲ್ಕು ಮಾತು.

ಒಂದು ವಲಯ ಬಲಶಾಲಿ ಅಂದಾಗ ನೀವು ಯಾವುದನ್ನು ನೋಡಿ ಹಾಗೆ ಹೇಳುತ್ತಿದ್ದೀರಿ? ಅಲ್ಲಿನ ಒಂದನೇ ತಂಡವನ್ನೋ, ಮೂರನೇ ತಂಡವನ್ನೋ, ಕೊನೆಯ ತಂಡವನ್ನೋ? ನಮ್ಮೂರಿನಲ್ಲಿ ರೇಷ್ಮೆ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ಬಲ್ಲ ರೀಲರ್ ಗೂಡಿನ ರಾಶಿಯ ಮೇಲ್ಭಾಗ ನೋಡಿ ಬೆಲೆ ಕಟ್ಟುವುದಿಲ್ಲ, ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಪಶ್ಚಿಮ ವಲಯ ಅಂದರೆ ಮುಂಬೈ ಒಂದೇ ಅಲ್ಲ. ಬರೋಡ, ಗುಜರಾತ್, ಸೌರಾಷ್ಟ್ರ, ಮಹಾರಾಷ್ಟ್ರ ಕೂಡ ಅದರಲ್ಲಿವೆ. ದಕ್ಷಿಣ ಅಂದರೆ ಕರ್ನಾಟಕ, ತಮಿಳುನಾಡು ಮಾತ್ರವಲ್ಲ. ಹೈದರಾಬಾದ್, ಕೇರಳ, ಆಂಧ್ರ, ಗೋವಾ, ಪುದುಚೇರಿಯೂ ಸೇರುತ್ತವೆ. ‘ಮುಂಬೈ ಇದೆ, ಆದ್ದರಿಂದ ಪಶ್ಚಿಮ’ ಅಂದವನು ವಲಯದ ಮಾತು ಆಡಲಿಲ್ಲ, ಒಂದು ಊರಿನ ಮಾತು ಆಡಿದ ಅಷ್ಟೆ.

ಇನ್ನು ಕಪ್ಪಿನ ಲೆಕ್ಕ. ನೀವು ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳುವ ಅಸ್ತ್ರ ಅದು. ಯಾರ ಹತ್ತಿರ ಎಷ್ಟು ಕಪ್ ಇದೆ ಎಂದು ಕೇಳುವ ಮೊದಲು ಕಪ್ಪಿನವರೆಗೆ ಹೋಗುವ ದಾರಿ ಹೇಗಿತ್ತು ಎಂದು ಕೇಳಿ.

ದಾರಿ ಅಂದರೆ ಏನು ಎಂಬುದನ್ನು ನಾನು ಕಲಿತದ್ದು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ. ನೀವೆಲ್ಲ ಹೈಸ್ಕೂಲಿನಲ್ಲಿ ಆಡಿದವರೇ. ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಕೂಟದ ದಿನ ಬೆಳಗ್ಗೆ ಒಂದು ಕಡೆ ಸುಣ್ಣದ ಪುಡಿಯಲ್ಲಿ ಕಬಡ್ಡಿ ಅಂಕಣದ ಗೆರೆ ಎಳೆಯುತ್ತಿರುತ್ತೇವೆ. ಇನ್ನೊಂದು ಕಡೆ ಮೇಜಿನ ಮೇಲೆ ಶಾಲೆಗಳ ಹೆಸರು ಬರೆದ ಚೀಟಿಗಳನ್ನು ಮಡಚಿ ಸ್ಟೀಲ್ ಡಬ್ಬಿಗೆ ಹಾಕಿರುತ್ತೇವೆ. ಯಾರೂ ಅನುಮಾನ ಪಡಬಾರದು ಎಂದು ಒಂದನೇ ತರಗತಿಯ ಮಗುವನ್ನು ಕರೆದು ಚೀಟಿ ಎತ್ತಿಸುತ್ತೇವೆ. ಆ ಮಗುವಿನ ಬೆರಳಿಗೆ ಹೋಬಳಿಯ ಅತಿ ಗಟ್ಟಿ ಎರಡು ತಂಡಗಳ ಚೀಟಿ ಒಂದರ ಹಿಂದೆ ಒಂದು ಸಿಕ್ಕಿಬಿಟ್ಟರೆ ಅವೆರಡೂ ಮೊದಲ ಸುತ್ತಿನಲ್ಲೇ ಎದುರಾಗುತ್ತವೆ. ಎರಡು ಪಾಯಿಂಟಿನಲ್ಲಿ ಸೋತ ತಂಡ ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆಗೆ ಹೋಗುತ್ತದೆ. ಆ ಕಡೆಯ ಗುಂಪಿನಿಂದ ಸುಲಭದ ಆಟ ಆಡಿಕೊಂಡು ಬಂದ ತಂಡ ಫೈನಲಿನಲ್ಲಿ ಇಪ್ಪತ್ತು ಪಾಯಿಂಟಿನಿಂದ ಸೋತರೂ ಸಂಜೆ ರನ್ನರ್ ಅಪ್ ಕಪ್ ಹಿಡಿದು ಫೋಟೋಕ್ಕೆ ನಿಲ್ಲುತ್ತದೆ. ಮರುದಿನ ಊರವರು ಕೇಳುವುದು ಒಂದೇ ಮಾತು: ‘ನಿಮ್ಮವರು ಫಸ್ಟ್ ರೌಂಡಲ್ಲೇ ಹೋದರಂತೆ?’ ಹಾಗೆ ತಲೆ ತಗ್ಗಿಸಿ ಬಸ್ಸಿಗೆ ಕಾದ ಹುಡುಗರನ್ನು ನಾನು ನೋಡಿದ್ದೇನೆ. ಅವರು ಹೋಬಳಿಯ ಎರಡನೇ ತಂಡ ಎಂದು ನನಗೆ ಗೊತ್ತಿತ್ತು, ರಿಜಿಸ್ಟರಿಗೆ ಗೊತ್ತಿರಲಿಲ್ಲ.

ರಣಜಿ ಟ್ರೋಫಿಯಲ್ಲೂ ಹೀಗೇ ಆಯಿತು, ಅದೂ ದಶಕಗಟ್ಟಲೆ. 1934-35ರಲ್ಲಿ ಶುರುವಾದ ಆ ಟೂರ್ನಿ 2002ರವರೆಗೂ ವಲಯವಾರು ನಡೆಯಿತು. 1969-70ರವರೆಗೆ ಒಂದು ವಲಯದಿಂದ ಒಂದೇ ತಂಡ ನಾಕೌಟಿಗೆ ಹೋಗುತ್ತಿತ್ತು. 1970-71ರಿಂದ ಎರಡು, 1992-93ರಿಂದ ಮೂರು. ಇದು ಬರೀ ನಿಯಮದ ಮಾತು ಎಂದು ದಾಟಿ ಹೋಗಬೇಡಿ. ಆ ಕಾಲದ ದಕ್ಷಿಣ ವಲಯದಲ್ಲಿ ಮೈಸೂರು, ಮದ್ರಾಸ್, ಹೈದರಾಬಾದ್ ಮೂರೂ ಗಟ್ಟಿ ತಂಡಗಳು, ಮೂರರಲ್ಲಿ ಎರಡು ಪ್ರತಿ ವರ್ಷ ವಲಯದಲ್ಲೇ ಉಳಿಯಬೇಕು. ಹೈದರಾಬಾದಿನಲ್ಲಿ ಜಯಸಿಂಹ, ಪಟೌಡಿ, ಅಬ್ಬಾಸ್ ಅಲಿ ಬೇಗ್, ಆಬಿದ್ ಅಲಿ ಆಡುತ್ತಿದ್ದರು. ಆ ತಂಡದ ಮಟ್ಟಿಗೆ 1937-38ರ ಕಪ್ ಬಿಟ್ಟರೆ ಮುಂದಿನದು 1986-87ರಲ್ಲೇ. ನಡುವಿನ ಅರ್ಧ ಶತಮಾನದಲ್ಲಿ ಅವರು ದುರ್ಬಲರಾಗಿದ್ದರು ಎಂದು ಯಾರಾದರೂ ಹೇಳಿದರೆ ಅವರಿಗೆ ಕ್ರಿಕೆಟ್ ಗೊತ್ತಿಲ್ಲ.

ಅದೇ ಹೊತ್ತಿಗೆ ಮಧ್ಯ ವಲಯದ ರಾಜಸ್ಥಾನವನ್ನು ನೋಡಿ. 1960-61ರಿಂದ 1973-74ರ ನಡುವೆ ಅದು ಎಂಟು ಸಲ ಫೈನಲಿಗೆ ಬಂತು, ಎಂಟೂ ಸೋತಿತು. ಅದರಲ್ಲಿ ಏಳು ಬಾಂಬೆಯ ಎದುರು. ಸಲೀಂ ದುರಾನಿ, ಹನುಮಂತ ಸಿಂಗ್ ಇದ್ದ ತಂಡ ಅದು, ಹಗುರವಾಗಿ ಕಾಣಬೇಡಿ. ಆದರೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ರಾಜಸ್ಥಾನ ದಕ್ಷಿಣ ವಲಯದಲ್ಲಿದ್ದಿದ್ದರೆ ಎಂಟು ಸಲ ವಲಯ ದಾಟುತ್ತಿತ್ತೇ? ಮೈಸೂರು ಮಧ್ಯ ವಲಯದಲ್ಲಿದ್ದಿದ್ದರೆ ಫೈನಲ್ ಆಡಲು 1941-42 ಆದ ಮೇಲೆ 1959-60ರವರೆಗೆ ಕಾಯಬೇಕಾಗುತ್ತಿತ್ತೇ? ಉತ್ತರ ಇದೇ ಎಂದು ಯಾರೂ ಮೇಜು ಕುಟ್ಟಿ ಹೇಳಲಾರರು. ಒಳ್ಳೆಯ ವಾದ ಇಂಥ ಪ್ರಶ್ನೆಯಿಂದ ಹುಟ್ಟುತ್ತದೆ, ‘ನಿಮ್ಮದೆಷ್ಟು, ನಮ್ಮದೆಷ್ಟು’ ಎಂಬುದರಿಂದಲ್ಲ.

ಬಾಂಬೆಯ ವಿಷಯದಲ್ಲಿ ಮಾತ್ರ ತಕರಾರು ಬೇಡ. 1958-59ರಿಂದ 1972-73ರವರೆಗೆ ಸತತ ಹದಿನೈದು ಕಪ್. ಯಾವ ದಾರಿಯಲ್ಲಿ ಬಂದರೂ ಕೊನೆಗೆ ಎಲ್ಲರನ್ನೂ ಸೋಲಿಸಿದ ತಂಡ ಅದು. ಆ ಸರಪಳಿ ತುಂಡಾದದ್ದು ನಮ್ಮ ಬೆಂಗಳೂರಿನಲ್ಲೇ, 1974ರ ಸೆಮಿಫೈನಲಿನಲ್ಲಿ. ನಾಯಕ ಪ್ರಸನ್ನ. ಭದ್ರಾವತಿಯ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಬಾಂಬೆ 307ಕ್ಕೆ ಮುಗಿಯಿತು. ಸುನಿಲ್ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು, ಅಜಿತ್ ವಾಡೇಕರ್ ರನ್ ಔಟ್ ಆದರು. 78 ರನ್ನಿನ ಮೊದಲ ಇನಿಂಗ್ಸ್ ಮುನ್ನಡೆಯಿಂದ ನಮ್ಮವರು ಫೈನಲಿಗೆ ಹೋಗಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಕಪ್ ತಂದರು. ಎರಡು ವಲಯಗಳ ಬಲಾಬಲ ತಿಳಿಯುವುದು ಹೀಗೆ, ನೇರವಾಗಿ ಎದುರೆದುರು ಆಡಿದಾಗ. ಒಂದು ವಲಯದ ಒಳಗಿನ ಪಂದ್ಯಗಳನ್ನು ಎಷ್ಟು ಗುಣಿಸಿ ಭಾಗಿಸಿದರೂ ಪಕ್ಕದ ವಲಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪ್ರತಿ ತಂಡವೂ ಪ್ರತಿ ತಂಡವನ್ನೂ ಹೊಡೆಯುತ್ತಿದೆ ಅಂದರೆ ಎಲ್ಲವೂ ಬಲವಾಗಿರಬಹುದು, ಎಲ್ಲವೂ ಸಾಧಾರಣವಾಗಿಯೂ ಇರಬಹುದು.

ಎದುರೆದುರು ಆಡಿದರೂ ಒಂದು ಪಂದ್ಯವನ್ನು ಅತಿಯಾಗಿ ಎಳೆಯಬೇಡಿ. 1981-82ರ ಫೈನಲಿನಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಕರ್ನಾಟಕ 705 ರನ್ ಮಾಡಿತು. ಅಷ್ಟು ರನ್ ಮಾಡಿ ಸೋತವರುಂಟೇ ಎಂದು ನೀವು ಕೇಳಬಹುದು. ದೆಹಲಿ ಎಂಟು ವಿಕೆಟ್ಟಿಗೆ 707 ಮಾಡಿ ಮುನ್ನಡೆಯ ಮೇಲೆ ಕಪ್ ಎತ್ತಿಕೊಂಡಿತು. ಎರಡು ರನ್ನಿನ ಅಂತರದಲ್ಲಿ ಉತ್ತರ ವಲಯ ದೊಡ್ಡದು, ದಕ್ಷಿಣ ಚಿಕ್ಕದು ಎಂದು ತೀರ್ಪು ಕೊಡಲು ನನಗಂತೂ ಮನಸ್ಸು ಬರುವುದಿಲ್ಲ. 2010ರ ಜನವರಿಯಲ್ಲಿ ಇಲ್ಲೇ ಪಕ್ಕದ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಡೆದ ಫೈನಲ್ ನಿಮ್ಮ ಅಣ್ಣಂದಿರಿಗೆ ನೆನಪಿರುತ್ತದೆ. ನಮಗೆ 338 ಗುರಿ, ಮನೀಶ್ ಪಾಂಡೆ 144 ಹೊಡೆದರೂ ಕಪ್ ಆರು ರನ್ನಿಗೆ ಮುಂಬೈ ಪಾಲಾಯಿತು. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಸೆಮಿಫೈನಲಿನಲ್ಲಿ ನಮಗೆ 198 ಬೇಕಿತ್ತು, ವಿದರ್ಭದ ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತು 192ಕ್ಕೆ ಕಟ್ಟಿಹಾಕಿದ. ಐದು ರನ್! ಆ ಸೋಲು ನನಗೆ ಇವತ್ತಿಗೂ ನೋವು. ಆದರೆ ಅದರಿಂದ ವಿದರ್ಭದ ಬಗ್ಗೆ ನನ್ನ ಗೌರವ ಹೆಚ್ಚಿತು. ಅದುವರೆಗೆ ಒಂದೂ ಕಪ್ ಗೆಲ್ಲದ ತಂಡ ಆ ವರ್ಷ ಗೆದ್ದಿತು, ಮುಂದಿನ ವರ್ಷವೂ ಗೆದ್ದಿತು, 2024-25ರಲ್ಲಿ ಮತ್ತೆ ಗೆದ್ದಿತು.

ವಿದರ್ಭ ಅಂದಾಗ ಇನ್ನೊಂದು ಮಾತು. ನಾಗಪುರ ಇರುವುದು ಮಹಾರಾಷ್ಟ್ರದಲ್ಲಿ, ಆದರೆ ಕ್ರಿಕೆಟಿನ ಲೆಕ್ಕದಲ್ಲಿ ವಿದರ್ಭ ಮಧ್ಯ ವಲಯ. 2025ರ ದುಲೀಪ್ ಫೈನಲಿನಲ್ಲಿ ನಮ್ಮವರ ಮೇಲೆ 194 ಹೊಡೆದ ಯಶ್ ರಾಠೋಡ್ ವಿದರ್ಭದ ಹುಡುಗ. ನಕ್ಷೆ ನೋಡಿ ಅವನನ್ನು ಪಶ್ಚಿಮಕ್ಕೆ ಕೊಡುತ್ತೀರೋ, ಮಂಡಳಿಯ ಪಟ್ಟಿ ನೋಡಿ ಮಧ್ಯಕ್ಕೆ ಕೊಡುತ್ತೀರೋ? ವಿದರ್ಭವನ್ನೂ ಮಧ್ಯಪ್ರದೇಶವನ್ನೂ ಚಾಂಪಿಯನ್ ಮಾಡಿದ ತರಬೇತುದಾರ ಚಂದ್ರಕಾಂತ ಪಂಡಿತ್ ಮುಂಬೈಯವರು. 1998-99ರ ಫೈನಲಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕರ್ನಾಟಕಕ್ಕೆ ಸೋತ ಮಧ್ಯಪ್ರದೇಶದ ನಾಯಕ ಅವರೇ. 2022ರಲ್ಲಿ ಅದೇ ಮೈದಾನದಲ್ಲಿ ತಮ್ಮ ಊರಿನ ಮುಂಬೈಯನ್ನೇ ಸೋಲಿಸಿ ಮಧ್ಯಪ್ರದೇಶಕ್ಕೆ ಕಪ್ ಕೊಡಿಸಿದರು. ಈ ಬಲ ಯಾವ ವಲಯದ್ದು?

ಹೆಣ್ಣುಮಕ್ಕಳ ಕ್ರಿಕೆಟಿನಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿಯಾಗಿ ಕೇಳಬೇಕು. ನಿಮ್ಮ ವಾದದಲ್ಲಿ ಅವರ ಹೆಸರು ಬರುವುದೇ ಇಲ್ಲ, ಇದು ನನ್ನ ದೊಡ್ಡ ಆಕ್ಷೇಪ. ಮಹಿಳೆಯರ ದೇಶೀಯ ಏಕದಿನ ಟ್ರೋಫಿಯನ್ನು ಬಹುಪಾಲು ಸಲ ಗೆದ್ದದ್ದು ರೈಲ್ವೇಸ್. ವಲಯದ ಪಟ್ಟಿಯಲ್ಲಿ ಅದೂ ಮಧ್ಯ ವಲಯವೇ. ಆದರೆ ರೈಲ್ವೇಸ್ ಒಂದು ಊರಿನ ತಂಡವಲ್ಲ. ಕೆಲಸ ಕೊಟ್ಟು ದೇಶದ ಮೂಲೆಮೂಲೆಯಿಂದ ಆಟಗಾರ್ತಿಯರನ್ನು ಸೇರಿಸಿಕೊಂಡ ತಂಡ. ಮಿಥಾಲಿ ರಾಜ್ ಅಲ್ಲೇ ಆಡಿದರು. ಕಡೂರಿನ ವೇದಾ ಕೃಷ್ಣಮೂರ್ತಿ ಆಡಿದರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಮೇಲೆ ಹದಿನೈದು ರನ್ನಿಗೆ ಐದು ವಿಕೆಟ್ ತೆಗೆದ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಆಡಿದರು. ನಮ್ಮ ನಾಡಿನ ಮಣ್ಣಿನಲ್ಲಿ ಬೆಳೆದ ಹುಡುಗಿಗೆ ಸಂಬಳ, ಕೆಲಸ, ಮೈದಾನ ಕೊಟ್ಟವರು ಬೇರೆ. ಕಪ್ ಅವರ ಪಟ್ಟಿಗೆ ಹೋಯಿತು. ಅದರಲ್ಲಿ ತಪ್ಪಿಲ್ಲ, ಆಟಗಾರ್ತಿಗೆ ಅನ್ನ ಕೊಟ್ಟವರಿಗೆ ನಾನು ಕೈ ಮುಗಿಯುತ್ತೇನೆ. ವಲಯದ ಹೆಸರಿನಲ್ಲಿ ಎದೆ ತಟ್ಟಿಕೊಳ್ಳುವವರು ಮಾತ್ರ ಈ ಲೆಕ್ಕ ಇಟ್ಟುಕೊಳ್ಳಬೇಕು.

ಈಗ ಸ್ವಲ್ಪ ಗದರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕಟ್ಟೆಯ ಮೇಲೆ ಕೇರಳದ ತಂಡವನ್ನು ಆಡಿಕೊಳ್ಳುವುದು ಕೇಳಿದ್ದೇನೆ. ಈಶಾನ್ಯದ ತಂಡಗಳನ್ನು ಇನ್ನೂ ಕೀಳಾಗಿ ಆಡಿಕೊಳ್ಳುತ್ತೀರಿ, ‘ಅವರೆಲ್ಲ ಯಾಕೆ ಆಡಬೇಕು’ ಎನ್ನುವವರೆಗೆ. 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ನಡೆದ ರಣಜಿ ಸೆಮಿಫೈನಲನ್ನು ನೆನೆಯಿರಿ. ಕೇರಳ 457. ಗುಜರಾತ್ ಒಂಬತ್ತು ವಿಕೆಟ್ಟಿಗೆ 455. ಮುನ್ನಡೆಗೆ ಮೂರು ರನ್ ಬೇಕು, ಕೊನೆಯ ಜೋಡಿ ಆಡುತ್ತಿದೆ. ಅರ್ಜಾನ್ ನಾಗವಾಸವಾಲಾ ಬೀಸಿ ಹೊಡೆದ ಚೆಂಡು ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಹಾರಿ, ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿಯ ಕೈಗೆ ಬಿತ್ತು. ಎರಡು ರನ್ ಮುನ್ನಡೆ. ಅದಕ್ಕೆ ಮೊದಲು ಜಮ್ಮು ಕಾಶ್ಮೀರದ ಮೇಲೆ ಕ್ವಾರ್ಟರ್ ಫೈನಲಿನಲ್ಲಿ ಸಿಕ್ಕಿದ್ದು ಒಂದೇ ರನ್ ಮುನ್ನಡೆ. ಹಾಗೆ ಕೇರಳ ಮೊದಲ ಬಾರಿಗೆ ಫೈನಲ್ ಕಂಡಿತು. ಅದೃಷ್ಟ ಅನ್ನುತ್ತೀರಾ? ಚೆಂಡು ಹೆಲ್ಮೆಟ್ಟಿಗೆ ಬಡಿದದ್ದು ಅದೃಷ್ಟ, ಸರಿ. ಆ ಹೊತ್ತಿನಲ್ಲಿ ಬ್ಯಾಟಿನ ಮುಂದೆ ಅಷ್ಟು ಹತ್ತಿರ ಕೂರಲು ಒಬ್ಬ ಹುಡುಗ ತಯಾರಿದ್ದದ್ದು ಅದೃಷ್ಟವಲ್ಲ.

ಈಶಾನ್ಯದ ವಿಷಯ. ಅವರಲ್ಲಿ ಹೆಚ್ಚಿನವರು ರಣಜಿಗೆ ಬಂದದ್ದೇ 2018-19ರಲ್ಲಿ, ಒಂದೇ ಸಲ ಒಂಬತ್ತು ಹೊಸ ತಂಡಗಳು ಸೇರಿದಾಗ. ಎಂಬತ್ತು ವರ್ಷ ಮೊದಲೇ ಹೊರಟವರ ಜೊತೆ ಅವರನ್ನು ಓಡಿಸಿ ನಗುವುದು ನ್ಯಾಯವಲ್ಲ. ಆಟ ಬದಲಾಯಿಸಿ ನೋಡಿ. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ನಡೆದ ಸಂತೋಷ್ ಟ್ರೋಫಿ ಫುಟ್‌ಬಾಲ್ ಫೈನಲಿನಲ್ಲಿ ಕರ್ನಾಟಕದ ಎದುರು ನಿಂತದ್ದು ಮೇಘಾಲಯ. 3-2ರಲ್ಲಿ ನಮ್ಮವರು ಗೆದ್ದರು, ಕಷ್ಟಪಟ್ಟೇ ಗೆದ್ದರು. ಮೈಸೂರು ರಾಜ್ಯದ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಆ ಕಪ್ ನಮಗೆ ಸಿಕ್ಕಿದ್ದು ಅವತ್ತೇ. ಕ್ರಿಕೆಟಿನಲ್ಲಿ ನೀವು ಲೆಕ್ಕಕ್ಕೇ ಇಡದ ಕಡೆಯವರು ಚೆಂಡು ಕಾಲಿಗೆ ಸಿಕ್ಕ ಕೂಡಲೇ ನಮ್ಮ ಸಮಕ್ಕೆ ನಿಂತರು.

ಎಲೀಟ್, ಪ್ಲೇಟ್ ಎಂದು ಮೇಲು ಕೀಳು ಗುಂಪು ಮಾಡಿದ ಮೇಲೂ ಇದೇ ಪಾಠ ಸಿಕ್ಕಿದೆ. 2010-11ರಲ್ಲಿ ರಾಜಸ್ಥಾನ ಕೆಳಗಿನ ಪ್ಲೇಟ್ ಗುಂಪಿನಲ್ಲಿತ್ತು. ಜೈಪುರದಲ್ಲಿ ದೀಪಕ್ ಚಾಹರ್ ಮೊದಲ ಪಂದ್ಯದಲ್ಲೇ ಹತ್ತು ರನ್ನಿಗೆ ಎಂಟು ವಿಕೆಟ್ ತೆಗೆದ, ಹೈದರಾಬಾದ್ 21ಕ್ಕೆ ಆಲೌಟ್. ಪ್ಲೇಟಿನಿಂದ ಮೇಲೆ ಬಂದ ಆ ತಂಡ ಆ ವರ್ಷದ ಕಪ್ಪನ್ನೇ ಗೆದ್ದಿತು, ಮರುವರ್ಷ ಉಳಿಸಿಕೊಂಡಿತು. ಎಂಟು ಫೈನಲ್ ಸೋತಿದ್ದ ರಾಜಸ್ಥಾನ ಇದೇ. ಗೆಲ್ಲಲು ಅವರು ಕಾದದ್ದು ಎಷ್ಟು ತಲೆಮಾರು ಎಂದು ಯೋಚಿಸಿ.

ವಾದದಲ್ಲಿ ನಾನು ಕಾಣಲು ಬಯಸುವ ಇನ್ನೊಂದು ಅಂಶವಿದೆ. ಬಲ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬೇಕು. ಮುಂಬೈಗೆ ಶಾಲಾ ಕ್ರಿಕೆಟ್ ಇತ್ತು, ಕಾಲೇಜು ಕ್ರಿಕೆಟ್ ಇತ್ತು. ಅಂತರ ವಿಶ್ವವಿದ್ಯಾಲಯ ಕ್ರಿಕೆಟಿನ ರೋಹಿಂಟನ್ ಬರಿಯಾ ಟ್ರೋಫಿಯನ್ನು 1935ರಲ್ಲಿ ಕೊಟ್ಟದ್ದೂ ಬಾಂಬೆಯ ಒಬ್ಬ ತಂದೆ, ತನ್ನ ಮಗನ ನೆನಪಿಗೆ. ವಿಶ್ವವಿದ್ಯಾಲಯಗಳೂ ವಲಯ ವಲಯವಾಗಿ ಎದುರಾಗುವ ವಿಜ್ಜಿ ಟ್ರೋಫಿ 1960ರ ದಶಕದಲ್ಲಿ ಬಂತು. ನಮ್ಮ ಕಡೆ ಕುಂಬ್ಳೆ, ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಓದುತ್ತಲೇ ಬೆಳೆದವರು, ಒಬ್ಬರು ಬೆಂಗಳೂರಿನ ಆರ್.ವಿ.ಯಲ್ಲಿ, ಇನ್ನೊಬ್ಬರು ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ ಮತ್ತೆ ಶಾಲೆಗೆ ವಾಪಸಾಗುತ್ತಿದ್ದರು. 1995-96ರಲ್ಲಿ ಅವರು ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಗಳಿಸಿ 50ಕ್ಕೂ ಹೆಚ್ಚು ವಿಕೆಟ್ ತೆಗೆದರು. ಆ ವರ್ಷ ಕರ್ನಾಟಕ ಫೈನಲಿನಲ್ಲಿ ತಮಿಳುನಾಡನ್ನು ಚೆನ್ನೈಯಲ್ಲೇ ಸೋಲಿಸಿತು. ಆ ಫೈನಲಿನಲ್ಲಿ ಎರಡು ಕಡೆಯೂ ದಕ್ಷಿಣವೇ. ವಲಯದಿಂದ ಮೂರು ತಂಡ ಬಿಡುವ ನಿಯಮ ಬಂದದ್ದಕ್ಕೆ ಮೂರೇ ವರ್ಷ ಆಗಿತ್ತು ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ನಿಮ್ಮಲ್ಲಿ ಕಾಲೇಜು ತಂಡಕ್ಕೆ ಆಡುವವರು ಇಬ್ಬರು ಮೂವರು ಇದ್ದೀರಿ. ಅಂತರ ಕಾಲೇಜು ಪಂದ್ಯಕ್ಕೆ ಹೋದಾಗ ನಿಮ್ಮದು ಮುಗಿದ ಕೂಡಲೇ ಬಸ್ ಹತ್ತಬೇಡಿ. ಕೂತು ಬೇರೆಯವರ ಆಟ ನೋಡಿ. ಯಾವ ಕಾಲೇಜಿನ ಎಡಗೈ ಸ್ಪಿನ್ನರ್ ಚೆಂಡನ್ನು ಎಲ್ಲಿ ಬೀಳಿಸುತ್ತಾನೆ ಎಂದು ಕಣ್ಣಿನಲ್ಲಿ ತುಂಬಿಕೊಳ್ಳಿ. ವಿಶ್ವವಿದ್ಯಾಲಯದ ಆಯ್ಕೆ ನಡೆಯುವ ದಿನ ‘ನಮ್ಮನ್ನು ಯಾರು ತಗೋತಾರೆ’ ಎಂದು ಮನೆಯಲ್ಲಿ ಉಳಿಯಬೇಡಿ. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಕೂಟಗಲ್ಲಿನ ಒಬ್ಬರು ಹೋಗಿ ಸೋತು ಬಂದರೂ, ಅವರ ಮಾತಿಗೆ ಕಟ್ಟೆಯಲ್ಲಿ ಬರುವ ತೂಕ ಬೇರೆ.

ನನ್ನ ತೀರ್ಪು ಏನು ಎಂದು ಕೇಳದೆ ನೀವು ಬಿಡುವವರಲ್ಲ. ಹೇಳುತ್ತೇನೆ. 1958ರಿಂದ 1973ರವರೆಗೆ ತಲೆಯ ಲೆಕ್ಕದಲ್ಲಿ ಪಶ್ಚಿಮ, ಅದರಲ್ಲಿ ಮಾತಿಲ್ಲ. ಆದರೆ ತಳದವರೆಗೆ ಕೈ ಹಾಕಿದರೆ 1960ರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ದಕ್ಷಿಣವೇ ಆಳವಾದದ್ದು ಎಂಬುದು ನನ್ನ ನಂಬಿಕೆ. ಭಾರತದ ಹೆಸರಾಂತ ನಾಲ್ವರು ಸ್ಪಿನ್ನರುಗಳಲ್ಲಿ ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಮೂವರೂ ಒಂದೇ ವಲಯದವರು. ವಲಯದ ಪಂದ್ಯಗಳಲ್ಲಿ ವಿಶ್ವನಾಥ್ ವೆಂಕಟರಾಘವನ್ ಅವರನ್ನು, ಜಯಸಿಂಹ ಮೂವರನ್ನೂ ಎದುರಿಸಿಯೇ ಬ್ಯಾಟ್ ಮಾಡಬೇಕಿತ್ತು. ಈಗಿನ ಕಾಲದಲ್ಲಿ, ನಿಮಗೆ ಹಿಡಿಸದಿದ್ದರೂ ಸರಿ, ಮಧ್ಯ ವಲಯಕ್ಕೆ ಮಣೆ ಹಾಕುತ್ತೇನೆ: ರಾಜಸ್ಥಾನ, ವಿದರ್ಭ, ಮಧ್ಯಪ್ರದೇಶ ಮೂರು ಬೇರೆ ಬೇರೆ ತಂಡಗಳು 2010-11ರಿಂದ 2024-25ರವರೆಗಿನ ಹದಿನೈದು ಋತುಗಳಲ್ಲಿ ಆರು ಸಲ ರಣಜಿ ಗೆದ್ದಿವೆ, ಜೊತೆಗೆ ದುಲೀಪ್ ಬೇರೆ. ಕರ್ನಾಟಕದ ಎಂಟು ರಣಜಿ ಕಪ್ಪಿನ ಮೇಲಿನ ನನ್ನ ಪ್ರೀತಿ ಇದರಿಂದ ಎಳ್ಳಷ್ಟೂ ಕಮ್ಮಿಯಾಗುವುದಿಲ್ಲ.

ಇದನ್ನು ಒಪ್ಪದವರು ಭಾನುವಾರ ಸಂಜೆ ಕಟ್ಟೆಗೆ ಬನ್ನಿ. ಬರುವಾಗ ಕಳೆದ ಹತ್ತು ವರ್ಷದ ರಣಜಿ ಕ್ವಾರ್ಟರ್ ಫೈನಲಿಗೆ ಯಾವ ವಲಯದಿಂದ ಎಷ್ಟು ತಂಡ ಬಂದವು, ಬೇರೆ ವಲಯದವರ ಎದುರು ಅವು ಏನು ಮಾಡಿದವು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಹುಡುಗಿಯರ ತಂಡಗಳದ್ದೂ ಇರಲಿ, ಅದನ್ನು ಬರೆಯುವ ಕೆಲಸ ಹುಡುಗರು ಮಾಡಿ.